ಮಾವನೋರ ಕೊಡ ಸಾಲಿನ್ಯಾಗ ಇತ್ತು

ಅದನ್ನ ಹೇಳಾಕತ್ತೀನಿ, ಮೂರು ಸಲ ಕರದೆ, ಒಂದು ಸಲಾನೂ ಓ ಅನ್ಲಿಲ್ಲ ನೀನು. ‘ಆಯಿ, ಕಿವ್ಯಾಗ ಹೆಡ್‌ಫೋನ್ ಥಾ’ ಅಂತಿ. ಇರ್ಲಿ, ಕೂಡು ಇಲ್ಲೆ. ನಾ ಯಾಕ ಹಿಂಗ ಕೂಗ್ತೀನಿ ಅಂತ ನಿಮ್ಮವ್ವಗೂ ಗೊತ್ತಿಲ್ಲ. ಆಗ ನಾವು ಘಾಟ್ಕೋಪರದಾಗ ಚಾಳಿನ್ಯಾಗ ಇದ್ವಿ. ಇಸವಿ ಐವತ್ತರ ಮ್ಯಾಲ ಮೂರೋ ನಾಕೋ, ನಿಮ್ಮಪ್ಪ ಸಣ್ಣಾಂವ... ಅಲ್ಲ, ಹೊಟ್ಟ್ಯಾಗಿದ್ದ. ಹೌದು, ಹೊಟ್ಟ್ಯಾಗಿದ್ದ, ಅದಕ್ಕ ನಮ್ಮ ಮಾವನೋರು ನನಗ ಕೊಡ ಮುಟ್ಟಾಕ ಬಿಡ್ತಿರಲಿಲ್ಲ. ಮಾವನೋರು ಅಂದ್ರ ನಿಮ್ಮಜ್ಜನ ಅಪ್ಪ. ಅತ್ತಿ ತೀರಿಕೊಂಡ ಮ್ಯಾಲ ವಿಜಾಪುರದ ಕಡಿಂದ ಕರಕೊಂಡು ಬಂದಿದ್ವಿ. ಎಪ್ಪತ್ತು ದಾಟಿದ ಜೀವ, ಇರೂದು ಒಂದು ಖೋಲಿ, ಎಲ್ಲಿ ಕೂಡಬೇಕು, ಎಲ್ಲಿ ನಿಂದರಬೇಕು. ‘ಯವ್ವಾ, ನೀರಿನ ಕೆಲಸ ನನಗಿರಲಿ, ಸುಮ್ನ ಕುಂತು ಉಂಡ್ರ ಅರಗೂದಿಲ್ಲ’ ಅಂದ್ರು. ಕೆಳಗ ನಳದ ಹತ್ರ ಎಲ್ಲಾ ಹೆಂಗಸರು, ನಡುವ ಇವರೊಬ್ರು ರುಮಾಲ ಸುತ್ತಿದವರು. ಬಾಜೂ ಖೋಲಿ ಶಾಂತಾಬಾಯಿ ಚಾಷ್ಟಿ ಮಾಡ್ತಿದ್ಲು, ‘ಕಾಯ್ ಬಾಬಾ, ಸೊಸಿ ಕೈಯಾಗ ನೌಕರಿ ಸಿಕ್ತೇನು?’ ಇವರು, ‘ಹೂಂನವಾ, ಪಗಾರ ಎರಡು ರೊಟ್ಟಿ.’ ಆಕಿದು ಮರಾಠಿ, ಇವರದು ಕನ್ನಡ, ಇಬ್ಬರೂ ನಗತಿದ್ರು.

ನೀರು ಬೆಳಿಗ್ಗೆ ಐದಕ್ಕ ಬಂದ್ರ ಎಂಟೂವರಿಗೆ ಬಂದ್. ಚಾಳಿನ ರೀತಿ ಏನಂದ್ರ, ಕೊಡ ಸಾಲಿನ್ಯಾಗ ಇಟ್ರ ಮುಗೀತು, ಮನಷ್ಯಾ ನಿಂತಂಗ. ನೀ ಬ್ಯಾರೆ ಕೆಲಸಕ್ಕ ಹೋಗು, ಹಿಂದಿನಾಕಿ ಕಾಲಿಲೆ ನಿನ್ನ ಕೊಡ ಮುಂದ ನೂಕ್ತಾಳ. ಅವತ್ತ ಮಾವನೋರು ಐದಕ್ಕ ಇಳದ್ರು, ತಾಮ್ರದ ಕೊಡ, ಬಾಯಿಗೆ ಕೆಂಪು ವಸ್ತ್ರ ಹಾಕಿದ್ದು. ನಾ ರೊಟ್ಟಿ ಬಡೀತಾ ನಡುನಡುವ ಗ್ಯಾಲರಿಯಿಂದ ಬಗ್ಗಿ ನೋಡ್ತಿದ್ದೆ. ಕೊಡ ಸರೀತಿತ್ತು, ಹತ್ತನೇದಿತ್ತು, ಆರನೇದಾತು. ಮಾವನೋರು ಅಲ್ಲೇ ಅದಾರ, ಅಂದ್ಕೊಂಡೆ. ಎಂಟೂವರಿಗೆ ಶಾಂತಾಬಾಯಿ ನಮ್ಮ ಕೊಡ ತುಂಬಿ ತಂದು ಹೊಸ್ತಿಲದಾಗ ಇಟ್ಲು. ‘ಬಾಬಾ ಎಲ್ಲೆ?’ ಅಂದ್ಲು. ‘ನಳದ ಹತ್ರ’ ಅಂದೆ ನಾನು. ‘ನಳ ಬಂದ್ ಆತಲ್ಲ, ಅಲ್ಲಿ ಯಾರೂ ಇಲ್ಲ.’

ಹುಡುಕಿದ್ರು, ಎಲ್ಲಾರೂ ಹುಡುಕಿದ್ರು. ಪೊಲೀಸ್ರು ಕೇಳಿದ್ರು, ‘ಕಡೀಕ ಯಾವಾಗ ನೋಡಿದ್ರಿ ಬಾಯಿ?’ ನಾ ‘ಎಂಟೂವರಿ ತನಕ ನಳದ ಹತ್ರ ಇದ್ರು’ ಅಂದೆ. ಬರಕೊಂಡ್ರು. ಸ್ಟೇಶನ್ ಕಡಿ ಹಾಲಿನ ಭೈಯಾ ಬಂದು ಹೇಳಿದ, ರುಮಾಲ ಸುತ್ತಿದ ಮುದುಕರೊಬ್ಬರು ಆರು ಗಂಟೆ ಲೋಕಲ್ ಗಾಡಿ ಹತ್ತಿದ್ರು ಅಂತ. ನಿಮ್ಮಜ್ಜ ಸಿಟ್ಟಿಗೆದ್ದು, ‘ನನ್ನ ಹೆಂಡತಿ ಎಂಟೂವರಿಗೆ ನೋಡ್ಯಾಳ, ನಡಿ’ ಅಂತ ಕಳಿಸಿಬಿಟ್ರು. ಎಂಟೂವರಿಗೆ ಇದ್ದವರು ಎಷ್ಟು ದೂರ ಹೋದಾರು ಅಂತ ನಾಕು ದಿನ ಸುತ್ತಮುತ್ತ ತಿರಗಿದ್ರು, ಪ್ಯಾಟಿ, ಗುಡಿ, ಆಕಡಿ ಉಪ್ಪಿನ ಆಗರ.

ಐದನೇ ದಿನ ನೀರಿಗೆ ನಾನ ಇಳದೆ. ಶಾಂತಾಬಾಯಿ ನನ್ನ ಕೂಡ ಮಾತಾಡ್ತಾ, ಮಾತಾಡ್ತಾ, ಮುಂದಿದ್ದ ಕೊಡ ಕಾಲಿಲೆ ಸರಿಸಿದ್ಲು. ಯಾರದು ಅಂತ ನೋಡ್ಲೂ ಇಲ್ಲ. ನಾ ಕೈಯಾಗಿನ ಕೊಡ ಕೆಳಗಿಟ್ಟೆ. ‘ಅವತ್ತ ನಮ್ಮ ಕೊಡ ಯಾರು ಸರಿಸಿದ್ರಿ?’ ನಾನು, ನಾನು, ಅಂದ್ರು ಎಲ್ಲಾರೂ. ‘ಮಾವನೋರನ್ನ ಯಾರು ನೋಡಿದ್ರಿ?’ ‘ಕೊಡ ಇತ್ತಲ್ಲ’ ಅಂದ್ರು. ನಾನೂ ನೋಡಿರಲಿಲ್ಲಲ್ಲ. ಕೊಡ ನೋಡಿದ್ದೆ. ನಿಮ್ಮಜ್ಜಗ ಹೇಳಿದೆ, ಬೈತಾರ ಅಂತ ಅಂಜಕೋತ. ಬೈಲಿಲ್ಲ. ‘ನಾನೂ ಅವತ್ತ ಏಳಕ್ಕ ಗಿರಣಿಗೆ ಹೋಗಬೇಕಾದ್ರ ಕೊಡದ ಕೆಂಪು ವಸ್ತ್ರ ನೋಡಿ, ಅಪ್ಪಾ ಬರ್ತೀನಿ ಅಂತ ಕೂಗಿ ಹೋದೆ. ಓ ಅಂದ್ರೋ ಇಲ್ಲೋ, ಕೇಳಾಕ ನಿಂದರಲಿಲ್ಲ’ ಅಂದ್ರು. ಭೈಯಾನ ಹುಡುಕಿಕೊಂಡು ಹೋದ್ರ, ಅವಂಗೂ ಈಗ ಅದು ಅವತ್ತೋ ಹಿಂದಿನ ದಿನಾನೋ ನೆನಪಿಲ್ಲ. ಊರಿಗೂ ಬಂದಿಲ್ಲ ಅಂತ ಕಾಗದ ಬಂತು. ಊರಿಗೆ ಹೋಗೂದಿದ್ರ ಕೊಡ ಯಾಕ ಸಾಲಿಗಿಟ್ರು? ತಿರುಗಿ ಬರೂದಿದ್ರ ಯಾಕ ಬರ್ಲಿಲ್ಲ? ಅವರ ಚಪ್ಪಲಿ ಬಾಗಲಾಗ ಇದ್ವು. ಇವತ್ತಿಗೂ ತಿಳೀವಲ್ದು ನನಗ.

ಅದಕ್ಕ, ಕರದ್ರ ಓ ಅನ್ರಿ. ಕರದವರೂ ಓ ಅನ್ನೂ ತನಕ ನಿಂದರಬೇಕು. ಏಳು, ನಿಮ್ಮಪ್ಪ ಯಾವಾಗೋ ಜಳಕಕ್ಕ ಹೋಗ್ಯಾನ, ಬರೇ ನಳದ ಸಪ್ಪಳ ಕೇಳಾಕತ್ತೇತಿ, ಒಂದು ಸಲ ಕೂಗಿ ನೋಡು.