ಪುಟ್ಟೀರಮ್ಮ ತನ್ನ ಸಾವಿನ ಖರ್ಚು ಕೇಳೋಕೆ ಹೋಗಿದ್ದು

ಹೂಂಗುಟ್ಟೋರು ಮುಂದೆ ಬನ್ನಿ, ತೂಕಡಿಸೋರು ಗೋಡೆಗೆ ಒರಗಿ. ಕತೆ ಯಾರಿಗೂ ಕಾಯಲ್ಲ.

ಒಂದು ಸೀಮೆ ಇತ್ತು. ಯಾವ ಸೀಮೆ ಅಂತ ಕೇಳಬೇಡಿ, ಹೇಳಿದ್ರೆ ಅಲ್ಲಿಯವರು ನನ್ನ ಮೇಲೆ ಜಗಳಕ್ಕೆ ಬಂದಾರು. ಆ ಸೀಮೇಲಿ ಹುಟ್ಟೋದು ಅಗ್ಗ, ಬದುಕೋದು ಹಂಗೂ ಹಿಂಗೂ, ಸಾಯೋದು ಮಾತ್ರ ಬಲು ದುಬಾರಿ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತೀವಲ್ಲ, ಅಲ್ಲಿ ಮೂರನೇದೂ ಒಂದಿತ್ತು: ಹೆಣ ಎತ್ತಿ ನೋಡು. ಯಾಕೆ ಅಂತೀರಾ? ಹೆಣ ಅಂಗಳದಲ್ಲಿ ಮಲಗಿರುವಾಗ ಯಾರು ತಾನೇ ಚೌಕಾಸಿಗೆ ನಿಲ್ತಾರೆ? ಸೌದೆಯವನು ಹೇಳಿದ್ದೇ ಬೆಲೆ, ಊರ ಗೌಡ ಹೇಳಿದ್ದೇ ಕಟ್ಟಳೆ.

ಅಂಥ ಊರಲ್ಲಿ ಒಂದು ಕುಂಬಾರರ ಮನೆ. ಮಗ ಕೆಂಚಯ್ಯ ತಿಗರಿ ತಿರುಗಿಸೋನು. ಸೊಸೆ ಚಿಕ್ಕತಾಯಿ ಮಣ್ಣು ತುಳಿಯೋಳು. ಅತ್ತೆ ಪುಟ್ಟೀರಮ್ಮ ಹಸಿ ಮಡಕೆ ತಟ್ಟಿ ತಟ್ಟಿ ಗುಂಡಗೆ ಮಾಡೋಳು. ಮೂವರೂ ದುಡಿದರೆ ಮೂರು ಹೊತ್ತು ಮುದ್ದೆ.

ಒಂದು ದಿನ ಅತ್ತೆ ಸೊಸೆ ಪಕ್ಕದ ಬೀದಿ ನೇಕಾರನ ತಿಥಿಗೆ ಹೋದರು. ಮೂರೂರ ಜನ ಸಾಲುಸಾಲು ಕೂತು ಉಂಡು, ತೇಗಿ, ಎದ್ದು ಹೋದರು. ಮಗ್ಗ ಇದ್ದ ಜಾಗ ಖಾಲಿ. ಆ ಮಗ್ಗ ಮಾರಿಯೇ ಊಟ ಹಾಕಿದ್ದು. ನೇಕಾರನ ಹೆಂಡತಿ ಮಗ್ಗ ಕಿತ್ತ ಖಾಲಿ ಗುಂಡಿ ಮುಂದೆ ಕೂತು, ನಾಳೆ ಏನು ನೇಯಲಿ ಅಂತ ಕೈ ನೋಡ್ಕೊಳ್ತಿದ್ದಳು.

ಪುಟ್ಟೀರಮ್ಮ ಸೀದಾ ಮನೆ ಹೊಸಲಿಗೆ ಬಂದು ನಿಂತಳು. "ಚಿಕ್ಕತಾಯಿ, ನಾಳೆ ನನ್ನ ಜೊತೆ ಬಾ. ನನ್ನ ಸಾವಿಗೆ ಏನೇನು ಬೇಕು, ಎಷ್ಟೆಷ್ಟಾಗುತ್ತೆ, ಕೇಳ್ಕೊಂಡು ಬರೋಣ."

ಕೆಂಚಯ್ಯನ ಕೈಲಿದ್ದ ಮಣ್ಣು ಹಂಗೇ ಕುಸೀತು. "ಅವ್ವಾ! ಬದುಕಿರೋಳು ಚಟ್ಟಕ್ಕೆ ಅಳತೆ ಕೊಡ್ತೀಯಾ? ಜನ ಏನಂದಾರು? ನಿನ್ನ ಕೊನೇ ಕಾರ್ಯ ಮಾಡೋಕೆ ನಾನೇನು ಸತ್ತೋಗಿದೀನಾ?"

"ನಿನ್ನಪ್ಪ ಹೋದಾಗ ಈ ಸೌದೆ ಮಾರೋ ದ್ಯಾವಯ್ಯನ ಅಪ್ಪ ಸೌದೆ ಬೆಲೆಗೆ ಅಂತ ಹಾಲು ಕರೆಯೋ ಹಸ ಹೊಡ್ಕೊಂಡು ಹೋದ ಕಣ್ಲಾ. ಹೆಣದ ಮುಂದೆ ನನಗೆ ನಾಲಿಗೆ ಹೊರಳಲಿಲ್ಲ. ನಾಳೆ ನಿನಗೂ ಹೊರಳಲ್ಲ. ನನಗೆ ಈಗ ಹೊರಳ್ತದೆ, ಈಗ್ಲೇ ಕೇಳ್ತೀನಿ. ಬೆಂಕಿ ಬಿದ್ದಾಗ ಬಾವಿ ತೋಡ್ತಾರಾ?"

ಮಗ ಮುಖ ತಿರುಗಿಸಿ ಕೂತ. ಚಿಕ್ಕತಾಯಿಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಯ್ತು. ಆದ್ರೂ ಮುದುಕಿ ಒಬ್ಬಳನ್ನೇ ಕಳಿಸೋಕಾಗ್ತದಾ?

ಮೊದಲು ಹೋದದ್ದು ಸೌದೆ ದ್ಯಾವಯ್ಯನ ಹತ್ರ. ಅವರನ್ನ ಕಂಡದ್ದೇ ಅವನು ಮುಖ ಸಣ್ಣಗೆ ಮಾಡ್ಕೊಂಡ. ದಿನಾ ಮಾಡಿ ಮಾಡಿ ರೂಢಿ.

"ಯಾರವ್ವ ಹೋದೋರು?"

"ಯಾರೂ ಹೋಗಿಲ್ಲಪ್ಪ. ಹೋಗೋಳು ನಾನೇ. ಸೌದೆ ಎಷ್ಟು ಬೇಕಾದೀತು ಹೇಳು."

ದ್ಯಾವಯ್ಯನ ಮುಖ ಅಳೋದೋ ನಗೋದೋ ಗೊತ್ತಾಗದೆ ನಡುವೆ ನಿಂತ್ಕೊಂಡಿತು. "ವಾಡಿಕೆ ಅಂದ್ರೆ... ಒಂದು ಗಾಡಿ."

"ನನ್ನ ನೋಡಿ ಹೇಳು. ರಾಗಿ ಕಡ್ಡಿ ಇದ್ದಂಗಿದೀನಿ. ನನಗೆ ಒಂದು ಗಾಡಿಯಾ? ಉಳಿದದ್ರಲ್ಲಿ ಹೋಳಿಗೆ ಬೇಯಿಸ್ತೀಯಾ?"

ದ್ಯಾವಯ್ಯ ನೋಡಿದ. ಕೇಳಿ, ಅಷ್ಟು ವರ್ಷ ಸೌದೆ ಮಾರಿದೋನು, ಸುಡಬೇಕಾದ ಮೈಯನ್ನ ಕಣ್ಣಿಟ್ಟು ನೋಡಿದ್ದು ಅವತ್ತೇ. ಅದೂ ಅವನನ್ನೇ ತಿರುಗಿ ನೋಡ್ತಿರೋ ಮೈ. "ಅರ್ಧ ಸಾಕವ್ವ" ಅಂದ. ಬೆಲೆ ಕೇಳಿದಾಗ ಸೌದೆ ಕಡೆ ನೋಡಿದ, ಅವಳ ಕಡೆ ನೋಡಿದ. "ನಿನ್ನ ಚಿತೆಗೆ ನಿನ್ನ ಹತ್ರನೇ ಹಸ ಕೇಳೋಕೆ ನನಗೆ ಎದೆ ಎಲ್ಲಿಂದ ಬರಬೇಕವ್ವ? ನಾಲ್ಕು ನೀರಿನ ಗುಡಾಣ ಮಾಡಿಕೊಡು, ಸಾಕು." ಚಿಕ್ಕತಾಯಿ ಸೆರಗು ಬಾಯಿಗೆ ಹಿಡಿದಳು. ಅದು ಅಳುವಲ್ಲ, ನಗು.

ಎರಡನೇದು ತಮಟೆ ಕರಿಯಯ್ಯನ ಮನೆ. ವಯಸ್ಸಾದ ಮನುಷ್ಯ, ಜಗಲಿ ಮೇಲೆ ಕೂತು ತಮಟೆ ಬಿಸಿಲಿಗೆ ಹಿಡಿದಿದ್ದ.

"ಯಾರು ಹೋದರಕ್ಕಾ?"

"ಯಾರೂ ಹೋಗಿಲ್ಲಣ್ಣ. ಹೋಗೋಳು ನಾನೇ. ನಿನಗೇನು ಕೊಡಬೇಕು?"

ಕರಿಯಯ್ಯ ತಮಟೆ ತೊಡೆ ಮೇಲೆ ಇಳಿಸಿದ. "ನನ್ನ ಕೈ ಎಷ್ಟು ಜನರನ್ನ ಕಳಿಸಿಕೊಟ್ಟೈತೋ ಅಕ್ಕ. ಒಬ್ಬರೂ ನನ್ನ ತಮಟೆ ಕೇಳಿಲ್ಲ. ಹೋದೋರಿಗೆ ಕೇಳಿಸಲ್ಲ, ಇರೋರಿಗೆ ಕೇಳೋ ಮನಸ್ಸಿರಲ್ಲ. ನೀನು ಕೂತ್ಕೊ. ಕೇಳು. ಹೊಟ್ಟೆ ತುಂಬ ಊಟ, ಒಂದು ಪಂಚೆ. ಅಷ್ಟೇ ನನಗೆ."

ಬಡಿದ. ಮೊದಲು ಮೆಲ್ಲಗೆ, ಹೊಸಲು ದಾಟೋ ಹಂಗೆ. ಆಮೇಲೆ ಬೀದಿ ಹಿಡಿದು ನಡೆಯೋ ಹಂಗೆ. ಪುಟ್ಟೀರಮ್ಮ ಕಣ್ಣು ಮುಚ್ಚಿ, ಮಡಕೆ ತಟ್ಟೋ ಕೈಯಲ್ಲೇ ತೊಡೆ ಮೇಲೆ ತಾಳ ಹಾಕಿದಳು.

"ಸ್ಮಶಾನದ ಹತ್ರ ಇಷ್ಟು ಜೋರು ಬೇಡಣ್ಣ. ಅಲ್ಲಿ ಬೇವಿನ ಮರದಲ್ಲಿ ಹಕ್ಕಿ ಗೂಡವೆ."

"ಆಗಲಕ್ಕ. ಅಲ್ಲಿ ತಗ್ಗಿಸ್ತೀನಿ."

ಚಿಕ್ಕತಾಯಿ ಮತ್ತೆ ಸೆರಗು ಬಾಯಿಗೆ ಹಿಡಿದಳು. ಈ ಸಲ ನಗು ಅಲ್ಲ. ಈ ಮುದುಕಿ ಇಲ್ಲದ ಅಂಗಳ ಹೆಂಗಿದ್ದೀತು ಅಂತ ಅವಳಿಗೆ ಅವತ್ತೇ ಮೊದಲು ಅನ್ನಿಸಿದ್ದು.

ಮೂರನೇದು ಬೊಮ್ಮೇಗೌಡನ ಮನೆ. ಕಟ್ಟಳೆ ಅವನದು, ತಿಥಿ ಊಟದ ಹುಕುಂ ಅವನದು.

"ಏನು ಕುಂಬಾರಜ್ಜಿ, ಯಾರು ಹೋದ್ರು?"

"ಯಾರೂ ಹೋಗಿಲ್ಲ ಗೌಡ್ರೆ. ಹೋಗೋಳು ನಾನೇ. ನನ್ನ ತಿಥಿಗೆ ಎಷ್ಟು ಎಲೆ ಹಾಕಬೇಕು?"

"ಮೂರೂರಿಗೂ ಹಾಕಬೇಕು. ನಿನ್ನ ಹೆಸರು ಉಳಿಯೋದು ಬೇಡವಾ?"

"ಬೇಕು ಗೌಡ್ರೆ. ಹುಟ್ಟಿದ ಮೇಲೆ ಹೆಸರು ಬೇಡ ಅನ್ನೋರುಂಟೇ? ಅಂದಂಗೆ, ನನ್ನ ಹೆಸರೇನು?"

ಗೌಡ ಮೀಸೆ ಮುಟ್ಕೊಂಡ. ಸೂರು ನೋಡಿದ. ಒಳಗಿಂದ ಹೆಂಡತಿ ಏನಾದರೂ ಹೇಳ್ತಾಳೋ ಅಂತ ಕಿವಿ ಕೊಟ್ಟ. ಈ ಅಜ್ಜಿ ತಟ್ಟಿದ ಮಡಕೇಲಿ ಉಂಡು, ಅವಳ ಹರವೀಲಿ ನೀರು ಕುಡಿದು ತಲೆ ನೆರೆಸ್ಕೊಂಡ ಮನುಷ್ಯ. ಹೆಸರು ಬರಲಿಲ್ಲ.

ಪುಟ್ಟೀರಮ್ಮ ದನಿ ಏರಿಸಲಿಲ್ಲ. "ಮೂರೂರು ಬೇಡ ಗೌಡ್ರೆ. ನನ್ನ ಹೆಸರು ಹಿಡಿದು ಕರೆಯೋಕೆ ಬರೋರಿಗೆಲ್ಲ ಎಲೆ ಹಾಕಿಸ್ತೀನಿ. ಒಬ್ಬರನ್ನೂ ಬಿಡಲ್ಲ. ಇದು ಕಟ್ಟಳೆಗೆ ಮೀರಿದ್ದಾ?"

ಏನಂತಾನೆ ಪಾಪ? ಮೀರಿದ್ದು ಅಂದ್ರೆ, ಹಂಗಾದ್ರೆ ನನ್ನ ಹೆಸರು ಹೇಳಿ ಅಂತಾಳೆ. "ಆಗಲಿ" ಅಂದ.

ಅತ್ತೆ ಸೊಸೆ ಗುಡಾಣ ಮಾಡಿದರು, ಸುಟ್ಟರು, ದ್ಯಾವಯ್ಯನ ಮನೆಗೆ ಹೊತ್ತು ಹಾಕಿದರು. ಸಂತೇಲಿ ಮಡಕೆ ಮಾರಿ ಪಂಚೆ ತಂದಿಟ್ಟರು. ಕೆಂಚಯ್ಯ ಅದನ್ನ ಕಂಡೂ ಕಾಣದೋನಂಗೆ ಇದ್ದ. ಪುಟ್ಟೀರಮ್ಮ ಸತ್ತಳಾ? ಎಲ್ಲಿ ಸತ್ತಾಳು! ಇನ್ನೂ ಎರಡು ಸುಗ್ಗಿ ಉಂಡಳು. ಮನಸ್ಸು ಹಗುರಾದೋಳಿಗೆ ಆಯಸ್ಸು ಅಂಟ್ಕೊಳ್ತದಂತೆ. ಆಮೇಲೊಂದು ಬೆಳಗ್ಗೆ, ಕೈಲಿ ಹಸಿ ಕುಡಿಕೆ ಇಟ್ಕೊಂಡು ಕೂತೋಳು ಹಂಗೇ ಕಂಬಕ್ಕೆ ಒರಗಿದಳು.

ಮುದುಕಿ ಹೋದ ಸುದ್ದಿ ಊರೆಲ್ಲ ಹಬ್ಬಿತು. ಚಿಕ್ಕತಾಯಿ ಓಡೋಕೆ ಎದ್ದಳು. ಸೌದೆಗೆ? ಆಗಲೇ ಗಾಡಿ ಬೀದೀಲಿ ಬರ್ತಿತ್ತು. ತಮಟೆಗೆ? ಕರಿಯಯ್ಯ ಅಂಗಳದ ಮೂಲೇಲಿ ಬಂದು ನಿಂತಿದ್ದ. ಊಟಕ್ಕೆ? ಯಾರು ಅಂತ ಗೊತ್ತಿತ್ತು, ಎಷ್ಟು ಅಂತ ಗೊತ್ತಿತ್ತು. ಓಡೋಕೆ ಕೆಲಸವೇ ಇರಲಿಲ್ಲ. ತಿರುಗಿ ಬಂದು ಅತ್ತೆ ಕಾಲ ಹತ್ರ ಕೂತಳು.

ಕೆಂಚಯ್ಯ ತಲೆ ಹತ್ರ ಕೂತಿದ್ದ. ಯಾರೂ ಅವನ ಭುಜ ಮುಟ್ಟಿ ಪಕ್ಕಕ್ಕೆ ಕರೀಲಿಲ್ಲ. ಇದಕ್ಕೆಷ್ಟು ಕೊಡ್ತೀಯ, ಅದಕ್ಕೇನು ಮಾಡ್ತೀಯ ಅಂತ ಯಾರೂ ಕೇಳಲಿಲ್ಲ. ಅವತ್ತು ಸಿಟ್ಟು ಮಾಡ್ಕೊಂಡು ಮುಖ ತಿರುಗಿಸಿದ ಮಗ ಅವ್ವನ ಕೈಗೆ ಅಂಟಿದ ಮಣ್ಣು ಒರೆಸ್ತಾ ಒರೆಸ್ತಾ, ಬಿಸಿಲು ಇಳಿಯೋವರೆಗೂ ಮನಸಾರೆ ಅತ್ತ. ಆ ಊರಲ್ಲಿ ಹೆತ್ತೋಳಿಗೋಸ್ಕರ ಅಷ್ಟು ಹೊತ್ತು ಅಳೋಕೆ ಬಿಡುವು ಸಿಕ್ಕ ಮಗ ಅವನೇ ಮೊದಲನೆಯವನು.

ಹೆಸರು ಹಿಡಿದು ಕರೆಯೋರಷ್ಟೇ ಉಂಡು ತಿಥಿ ಮುಗೀತು. ಮಾರನೇ ದಿನ ಬೊಮ್ಮೇಗೌಡ ಒಬ್ಬನೇ, ರುಮಾಲು ಕಂಕುಳಲ್ಲಿ ಇಟ್ಕೊಂಡು, ಕುಂಬಾರರ ಬಾಗಿಲಿಗೆ ಬಂದ.

"ಚಿಕ್ಕತಾಯಿ, ನಿನ್ನ ಹೆಸರು ಚಿಕ್ಕತಾಯಿ ತಾನೇ? ಕೇಳ್ಕೊಂಡು ಬಂದೆ."

"ಹೌದು ಗೌಡ್ರೆ."

"ನಾನು ಹೋದ್ರೆ ನನ್ನ ಮಕ್ಕಳು ಮರ್ಯಾದೆಗೆ ಅಂಜಿ ಹೊಲ ಮಾರ್ತಾರೆ ಕಣವ್ವ. ದ್ಯಾವಯ್ಯನ ಹತ್ರ ನನ್ನ ಸೌದೆ ಮಾತಾಡಬೇಕು. ಅವನ ಬಾಗಿಲ ತನಕ ಹೋಗಿದ್ದೆ, ಬಾಯಿ ಬರಲಿಲ್ಲ. ಜೊತೆಗೆ ಬರ್ತೀಯಾ?"

ಚಿಕ್ಕತಾಯಿ ಗೌಡನನ್ನ ತಲೆಯಿಂದ ಕಾಲಿನವರೆಗೆ ಒಂದ್ಸಲ ನೋಡಿದಳು. "ಬರ್ತೀನಿ ಗೌಡ್ರೆ. ಆದ್ರೆ ನಿಮಗೆ ಅರ್ಧ ಗಾಡೀಲಿ ಆಗಲ್ಲ, ಈಗ್ಲೇ ಹೇಳಿದೀನಿ" ಅಂದು ಕೈ ತೊಳ್ಕೊಂಡು ಹೊರಟಳು.

ಅವರು ಆ ಬೀದಿ ತಿರುಗಿದರು, ನಾನು ಈ ಕಡೆ ಬಂದೆ. ಹೇಳಿದ ಬಾಯಿಗೆ ಎಲೆ ಅಡಿಕೆ, ಕೇಳಿದ ಕಿವಿಗೆ ನಿದ್ದೆ. ಏಳಿ, ದೀಪ ಸಣ್ಣ ಮಾಡಿ.