ತಿಂಪಿ ನದಿಯ ದಾರಿಗುಡಿಸಲಿನಲ್ಲಿ ಸೌದೆ ಇರಲಿಲ್ಲ

ಹೆಸರು ಗವ್ರಿಲ್ ನಿಕಿತಿಚ್ ಸ್ತಾರೊಸ್ತಿನ್, ವಯಸ್ಸು 56 ವರ್ಷ, ಕಸುಬು ಶಾಲೆಯ ಬಾಯ್ಲರ್ ಮನೆಯಲ್ಲಿ ಕೆಲಸ, ವಾಸ ಯಾಕೂತಿಯಾದ ತಿತ್ ಕ್ಯೂಲ್ ಹಳ್ಳಿ, ನದಿದಂಡೆ ಬೀದಿ, ಮನೆ ನಂಬರ್ 14. ಈ ಮೂಲಕ ತಿಳಿಸುವುದೇನೆಂದರೆ:

ಜನವರಿ 11ರಂದು ನನ್ನ ಹೆಂಡತಿಯ ಅಣ್ಣ ಪ್ರೊಕೊಪಿ ಸಿವ್ತ್ಸೆವ್, 63 ವರ್ಷ, ತಿಂಪಿ ನದಿ ಪಕ್ಕದಲ್ಲಿ ದಾರಿಹೋಕರು ತಂಗುವ ದಾರಿಗುಡಿಸಲಿನಲ್ಲಿ ಚಳಿಗೆ ಸಿಕ್ಕಿ ತೀರಿಕೊಂಡರು. ಆಗ ಜೊತೆಗಿದ್ದವನು ನಾನೊಬ್ಬನೇ. ವ್ಯಾನ್ ನನ್ನದು, ಓಡಿಸಿದವನೂ ನಾನೇ. ಸರಿಯಾದ ಸಿದ್ಧತೆಯಿಲ್ಲದೆ ಅವರನ್ನು ಕರೆದೊಯ್ದೆ, ಗುಡಿಸಲಿಗೆ ಕೊಡಲಿಯನ್ನೂ ಒಯ್ಯಲಿಲ್ಲ, ಅದರಿಂದಲೇ ಸಾವಾಯಿತು ಎಂದು ಅವರ ಮಗ ಎರ್ಚಿಮ್ ಸಿವ್ತ್ಸೆವ್ ನನ್ನ ಮೇಲೆ ದೂರು ಕೊಟ್ಟಿದ್ದಾನೆ. ಆ ಬಗ್ಗೆ 13ರಂದು ನಾನು ಒಂದು ಹೇಳಿಕೆ ಕೊಟ್ಟಿದ್ದೆ. ಗುಡಿಸಲಿನಲ್ಲಿ ಸೌದೆ ಇತ್ತು, ಹಸಿಯಾಗಿದ್ದರಿಂದ ಹತ್ತಲಿಲ್ಲ ಎಂದು ಅದರಲ್ಲಿದೆ. ಅದು ಸುಳ್ಳು. ತಿದ್ದಿಸಲು ಈ ದಿನ ನಾನೇ ಠಾಣೆಗೆ ಬಂದಿದ್ದೇನೆ.

ಜನವರಿ 6ರಂದು ರೇಡಿಯೋದಲ್ಲಿ, ಹತ್ತು ದಿನ ಸೊನ್ನೆಗಿಂತ ಐವತ್ತೈದು ಡಿಗ್ರಿ ಕೆಳಗಿನ ಚಳಿ ಇರುತ್ತದೆ ಎಂದು ಹೇಳಿದರು. 7 ಮತ್ತು 8ರಂದು ನಾನು, ಪ್ರೊಕೊಪಿ ಭಾವ, ಎರ್ಚಿಮ್ ಮೂವರೂ ಸೇರಿ ಎರಡೂ ಮನೆಗಳನ್ನು ಸಜ್ಜು ಮಾಡಿದೆವು. ಕಿಟಕಿ ಸಂದಿಗೆ ಪಾಚಿ ತುರುಕಿದೆವು, ಬಾಗಿಲಿಗೆ ಎರಡನೇ ಕಂಬಳಿ ಹೊಡೆದೆವು, ದನದ ಕೊಟ್ಟಿಗೆಯ ಗೋಡೆಗೆ ಸಗಣಿ ಮೆತ್ತಿದೆವು, ಕುಡಿಯುವ ನೀರಿಗೆ ಐಸ್ ಗಡ್ಡೆ ತಂದು ಹೊಸಿಲ ಹೊರಗೆ ಒಟ್ಟಿದೆವು. 8ರ ಮಧ್ಯಾಹ್ನ ಎರ್ಚಿಮ್ ತನ್ನ ಲಾರಿಯಲ್ಲಿ ಗಣಿಗೆ ಸಾಮಾನು ಹೊತ್ತು ಹೋದ. 16ನೇ ತಾರೀಕಿಗೆ ಮೊದಲು ಅವನು ಬರುವುದಿರಲಿಲ್ಲ.

9ರ ಸಂಜೆ ಭಾವನ ಮನೆಯಲ್ಲಿ ಬಿಸಿನೀರನ್ನು ಕೊಳವೆಯಲ್ಲಿ ಸುತ್ತಿಸುವ ಪಂಪು ಶಬ್ದ ಮಾಡತೊಡಗಿತು. ಆ ಚಳಿಯಲ್ಲಿ ಪಂಪು ನಿಂತರೆ ಕೊಳವೆಗಳೆಲ್ಲ ಒಡೆಯುತ್ತವೆ. ಮನೆಯಲ್ಲಿ ಎರ್ಚಿಮ್‌ನ ಹೆಂಡತಿ ತುಯಾರಾ ಮತ್ತು ನಾಲ್ಕು ತಿಂಗಳ ಮಗು ಇದ್ದರು. ಹೊಸ ಪಂಪು ಸಿಗುವುದು 140 ಕಿಲೋಮೀಟರ್ ದೂರದ ತಾಲ್ಲೂಕು ಪೇಟೆಯಲ್ಲಿ. ಹೋಗಿ ತರುವುದೆಂದು ಇಬ್ಬರೂ ನಿರ್ಧರಿಸಿದೆವು.

10ರಂದು ನಾನು ವ್ಯಾನ್ ಸಿದ್ಧಮಾಡಿದೆ. ತೆಳು ಎಣ್ಣೆ ಹಾಕಿದೆ. ಇಂಜಿನ್‌ಗೆ ಕಂಬಳಿ ಹೊದಿಸಿದೆ, ರೇಡಿಯೇಟರ್ ಮುಂದೆ ರಟ್ಟು ಕಟ್ಟಿದೆ, ಕಿಟಕಿಗಳಿಗೆ ಎರಡನೇ ಗಾಜು ಅಂಟಿಸಿದೆ. ಬ್ಯಾಟರಿಯನ್ನು ರಾತ್ರಿ ಮನೆಯೊಳಗಿಟ್ಟೆ. ಸುಡಲು ಎರಡು ಹಳೆಯ ಟೈರು, ಇಂಜಿನ್ ಕಾಯಿಸುವ ಊದುದೀಪ, ಸಲಿಕೆ, ಕೊಡಲಿ, ಎರಡು ಕುರಿಚರ್ಮದ ಹೊದಿಕೆ, ಒಂದು ಜೊತೆ ಉಣ್ಣೆಬೂಟು, ಚಹಾ ಮತ್ತು ಹೆಪ್ಪುಗಟ್ಟಿದ ಮೀನು ಇಟ್ಟೆ. ಭಾವ ಪಕ್ಕದಲ್ಲಿ ಕೂತು ನೋಡುತ್ತಿದ್ದರು. “ನಮ್ಮ ಅಕುಲಿನಾನ ಮದುವೆಯಾದಾಗಿಂದ ನೀನು ಅವಳಿಗೂ ಇಷ್ಟು ಬಟ್ಟೆ ಹೊದಿಸಿದ್ದು ನಾನು ಕಾಣೆ, ಗವ್ರಿಲ್” ಎಂದು ಚೇಷ್ಟೆ ಮಾಡಿದರು. ನಿಮ್ಮ ತಂಗಿ ಬೆಳಿಗ್ಗೆ ತಾನಾಗೇ ಸ್ಟಾರ್ಟ್ ಆಗ್ತಾಳೆ ಭಾವ ಎಂದು ನಾನು ಹೇಳಿದೆ.

11ರಂದು ಬೆಳಿಗ್ಗೆ 10 ಗಂಟೆಗೆ ಹೊರಟೆವು. ಚಳಿ ಮೈನಸ್ 53 ಇತ್ತು. ದಾರಿ ಹೆಪ್ಪುಗಟ್ಟಿದ ನದಿಯ ಮೇಲೇ ಹೋಗುತ್ತದೆ. 12.40ಕ್ಕೆ, ಹಳ್ಳಿಯಿಂದ 71ನೇ ಕಿಲೋಮೀಟರಿನಲ್ಲಿ, ಹಿಮದ ಕೆಳಗೆ ಐಸಿನ ಮೇಲೆ ನೀರು ಉಕ್ಕಿರುವ ಅನುಮಾನ ಬಂತು. ಕೋಲಿನಿಂದ ನೋಡಲು ಭಾವ ಇಳಿದರು. ನಾಲ್ಕು ಹೆಜ್ಜೆಗೆ ತೊಡೆಯವರೆಗೆ ನೀರಿಗಿಳಿದರು. ನಾನು ಎಳೆದುಕೊಂಡೆ. ಅಷ್ಟರಲ್ಲಿ ವ್ಯಾನಿನ ಮುಂದಿನ ಚಕ್ರಗಳೂ ಕುಸಿದು, ಫ್ಯಾನಿಗೆ ನೀರು ಬಡಿದು ಬೆಲ್ಟ್ ಹರಿದು ಇಂಜಿನ್ ನಿಂತಿತು. ಹತ್ತು ನಿಮಿಷದಲ್ಲಿ ಚಕ್ರಗಳು ಐಸಿಗೆ ಕಚ್ಚಿಕೊಂಡವು. ಅಲ್ಲಿ ಫೋನ್ ಸಿಗುವುದಿಲ್ಲ.

ಅಲ್ಲಿಂದ ದಾರಿಗುಡಿಸಲು ಒಂದೂವರೆ ಕಿಲೋಮೀಟರ್. ಬಯಲಲ್ಲಿ ಟೈರು ಸುಟ್ಟು ನೆನೆದವರನ್ನು ಒಣಗಿಸಲು ಆಗುವುದಿಲ್ಲ. ಅವರಿಗೆ ಒಣಬೂಟು ಹಾಕಿಸಿ, ಒಂದು ಕುರಿಚರ್ಮ ಹೊದಿಸಿ, ಇನ್ನೊಂದನ್ನು ನನ್ನ ಕೋಟಿನ ಮೇಲೆ ಹೊದ್ದು, ಗುಡಿಸಲಿಗೆ ನಡೆಸಿಕೊಂಡು ಹೋದೆ. ಹೊರಡುವಾಗ ನಾನು ಕೊಡಲಿ ತೆಗೆದುಕೊಂಡಿದ್ದೆ. ಭಾವ ಅದನ್ನು ನೋಡಿ, “ಗುಡಿಸಲಿಗೆ ಕೊಡಲಿ ಹೊತ್ಕೊಂಡು ಹೋಗೋರುಂಟೇನೋ? ಯಾರಾದ್ರೂ ನೋಡಿದ್ರೆ ನಗ್ತಾರೆ. ಇಡು, ನನ್ನ ಹಿಡ್ಕೋ” ಎಂದರು. ಅವರ ಕಾಲು ಬಗ್ಗುತ್ತಿರಲಿಲ್ಲ, ಎರಡೂ ಕೈಯಿಂದ ಹಿಡಿಯಬೇಕಿತ್ತು. ಕೊಡಲಿಯನ್ನು ವ್ಯಾನಿನಲ್ಲೇ ಬಿಟ್ಟೆ. ಆ ಗುಡಿಸಲಿನಲ್ಲಿ ತಂಗಿದವರು ಯಾರೇ ಆಗಲಿ, ಹೊರಡುವ ಮೊದಲು ಒಂದು ಒಲೆಗಾಗುವಷ್ಟು ಸೌದೆ ಸೀಳಿ, ಸಿಬಿರು ಕೆತ್ತಿ, ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು ಬಾಗಿಲು ಹಾಕುತ್ತಾರೆ. ನನ್ನ ನಲವತ್ತು ವರ್ಷದ ಓಡಾಟದಲ್ಲಿ ಇದು ತಪ್ಪಿದ್ದನ್ನು ನಾನು ಕಂಡಿಲ್ಲ.

1.35ಕ್ಕೆ ಗುಡಿಸಲು ಸೇರಿದೆವು. ಸೌದೆ ಇಡುವ ಮೂಲೆಯಲ್ಲಿ ತೊಗಟೆಯ ಪುಡಿ ಬಿಟ್ಟರೆ ಏನೂ ಇರಲಿಲ್ಲ. ಬೆಂಕಿಪೊಟ್ಟಣ ಇತ್ತು. ಗುಡಿಸಲಿನ ಕೊಡಲಿ ಕಾವು ಮುರಿದು ನೆಲದ ಮೇಲೆ ಬಿದ್ದಿತ್ತು. ಯಾವ ನಾಯಿ ಬಂದು ಹೋಗಿದೆ ಇಲ್ಲಿ ಎಂದು ನಾನು ಬೈದೆ. ಭಾವ ಒಲೆಯ ಮೇಲಿನ ಮೊಳೆಯನ್ನು ನೋಡುತ್ತಿದ್ದರು. ಅಲ್ಲಿ ಬಲಗೈಯ ಒಂದು ಕೈಗವಸು ಒಣಗಲು ಹಾಕಿದ ಹಾಗೇ ಇತ್ತು. ಮಣಿಕಟ್ಟಿನ ಬಳಿ ಕೆಂಪು ನೀಲಿ ದಾರದ ಹೂವು. ನಮ್ಮ ಹಳ್ಳಿಯಲ್ಲಿ ಯಾವ ಹೊಲಿಗೆ ಯಾವ ಹೆಂಗಸಿನದೆಂದು ಎಲ್ಲರಿಗೂ ಗೊತ್ತು. ಅದು ತುಯಾರಾಳ ಹೊಲಿಗೆ. ಗಣಿಗೆ ಹೋಗುವ ದಾರಿಯಲ್ಲಿ 8ರ ರಾತ್ರಿ ಎರ್ಚಿಮ್ ಅಲ್ಲಿ ತಂಗಿದ್ದ.

ಭಾವ ಅದನ್ನು ತೆಗೆದುಕೊಡಲು ಹೇಳಿದರು. ತೆಗೆದುಕೊಟ್ಟೆ. ಅಂಗಿಯೊಳಗೆ ಸೇರಿಸಿಕೊಂಡರು. “ಬೈಬೇಡ. ಕಾವು ಮುರ್ಕೊಂಡಿದಾನೆ ಪಾಪ. ಬರ್ತಾ ಹೊಸದು ತಂದು ಸೀಳಿಡೋಣ ಅಂತ ಹೋಗಿರ್ತಾನೆ” ಎಂದರು. ಸ್ವಲ್ಪ ಹೊತ್ತಿನ ಮೇಲೆ, ಇದು ನಮ್ಮಿಬ್ಬರಲ್ಲೇ ಇರಲಿ ಎಂದೂ ಹೇಳಿದರು.

ನಾನು ಮೇಜನ್ನು ಕಾಲಿನಿಂದ ಒದ್ದು ಮುರಿದು ಒಲೆಗೆ ಹಾಕಿದೆ. ಗೋಡೆಯ ಹಲಗೆಯನ್ನೂ ಕಿತ್ತು ಹಾಕಿದೆ. ಅವರ ಪ್ಯಾಂಟು ಐಸಾಗಿ ಕಾಲಿಗೆ ಅಂಟಿತ್ತು, ಕತ್ತರಿಸಿ ತೆಗೆದು ನನ್ನ ಕೋಟು ಸುತ್ತಿದೆ. “ಸರ್ಕಾರದ ಮೇಜು ಸುಟ್ಟೆಯಲ್ಲೋ, ನಿನ್ನ ಮೇಲೆ ಕೇಸ್ ಆಗುತ್ತೆ ನೋಡು” ಎಂದು ಭಾವ ನಕ್ಕರು. ಆಗ ಅವರ ಮಾತು ತೊದಲುತ್ತಿತ್ತು. ಸುಡಲು ಮಿಕ್ಕಿದ್ದು ಗೋಡೆಗೆ ಸೇರಿದ ಮಲಗುವ ದಿಮ್ಮಿಗಳು, ಅವನ್ನು ಬರಿಗೈಯಲ್ಲಿ ಕೀಳಲಾಗಲಿಲ್ಲ. 2.15ಕ್ಕೆ ಕೊಡಲಿ ತರಲು ವ್ಯಾನಿಗೆ ಹೊರಟೆ. ಹೋಗಿ ಬಾ, ನಾನೆಲ್ಲೂ ಓಡಿ ಹೋಗಲ್ಲ ಎಂದರು.

3.10ಕ್ಕೆ ವಾಪಸ್ ಬಂದೆ. ಒಲೆ ಆರಿತ್ತು. ಭಾವ ಕುರಿಚರ್ಮವನ್ನೂ ನನ್ನ ಕೋಟನ್ನೂ ತೆಗೆದು, ಮಡಿಸಿ, ಪಕ್ಕದಲ್ಲಿಟ್ಟಿದ್ದರು. ಚಳಿಗೆ ಸಾಯುವವರಿಗೆ ಕೊನೆಗೆ ಸೆಕೆಯಾದಂತೆ ಅನಿಸುತ್ತದೆ ಎಂದು ನಾನು ಕೇಳಿದ್ದೆ. ಉಸಿರಿರಲಿಲ್ಲ. ಆಮೇಲೆ ನಾನು ಹೊರಗೆ ಹೋಗಿ ಒಣಗಿ ನಿಂತಿದ್ದ ಲಾರ್ಚ್ ಮರವೊಂದನ್ನು ಕಡಿದು, ಸೀಳಿ, ಒಲೆ ಹಚ್ಚಿದೆ. ಗುಡಿಸಲು ಚೆನ್ನಾಗಿ ಕಾಯಿತು. ರಾತ್ರಿ 8.40ಕ್ಕೆ ಟ್ಯಾಂಕರ್ ಚಾಲಕನೊಬ್ಬ ಬೆಳಕು ಕಂಡು ಬಂದ. ಅಲ್ಲಿಯವರೆಗೆ ಬೆಂಕಿ ಆರಲು ಬಿಡಲಿಲ್ಲ.

ಸುದ್ದಿ ತಿಳಿದು ಎರ್ಚಿಮ್ 12ರ ರಾತ್ರಿ ಬಂದ. 13ರಂದು ದೂರು ಕೊಟ್ಟ. 15ರಂದು ಆಸ್ಪತ್ರೆಯವರು ಬಟ್ಟೆಗಳನ್ನು ಒಪ್ಪಿಸಿದರು. ಅದರಲ್ಲಿ ಕೈಗವಸು ಇತ್ತು. ಅಪ್ಪ ಮನೆಯಿಂದಲೇ ನನ್ನ ಕೈಗವಸನ್ನು ಎದೆಯಲ್ಲಿಟ್ಟುಕೊಂಡು ಹೋಗಿದ್ದರು ಎಂದು ಅವನು ಮನೆಯ ಹೆಂಗಸರ ಮುಂದೆ ಹೇಳಿದ. ನಾನು ಅಲ್ಲೇ ಇದ್ದೆ. ಅವನನ್ನು ತಿದ್ದಲಿಲ್ಲ.

18ರಂದು ಗುಡಿಸಲಿಗೆ ಸೌದೆ ಸಾಗಿಸಬೇಕೆಂದು ನಾನು ಅಂಗಳದಲ್ಲಿ ಒಟ್ಟುತ್ತಿದ್ದೆ. ಬೆಳಿಗ್ಗೆ 9ಕ್ಕೆ ಎರ್ಚಿಮ್ ಕರೆಯದೆಯೇ ಲಾರಿ ತಂದು ನಿಲ್ಲಿಸಿದ. ಸೀಟಿನ ಮೇಲೆ ಕೊಡಲಿಯ ಹೊಸ ಕಾವು ಇತ್ತು. ಗುಡಿಸಲಿನಲ್ಲಿ ಅವನೇ ಕಾವು ಕೂರಿಸಿ, ಮೂರು ಗಂಟೆ ಸೌದೆ ಸೀಳಿ, ಮೂಲೆಯನ್ನು ಸೂರಿನವರೆಗೆ ತುಂಬಿಸಿದ. ವಾಪಸ್ ಬರುವಾಗ, “ಮಾವ, ಕೈಗವಸು ಎಲ್ಲಿತ್ತು?” ಎಂದು ಕೇಳಿದ. ಒಲೆ ಮೇಲಿನ ಮೊಳೆಯಲ್ಲಿ ಎಂದೆ. ಸುಮಾರು ಇಪ್ಪತ್ತು ಕಿಲೋಮೀಟರ್ ಓಡಿಸಿದ. ಆಮೇಲೆ, ಅಪ್ಪ ಅದನ್ನು ನೋಡಿ ಏನಂದ್ರು ಎಂದು ಕೇಳಿದ. ಅವರು ಹೇಳಿದ್ದನ್ನು ಹಾಗೇ ಹೇಳಿದೆ. ಅವನು ಲಾರಿ ನಿಲ್ಲಿಸಿ, ಇಂಜಿನ್ ಆರಿಸದೆ ಇಳಿದು ಹೋದ. ದೀಪದ ಬೆಳಕಿನಾಚೆಗೆ ಹೋಗಿದ್ದರಿಂದ ನನಗೆ ಕಾಣಲಿಲ್ಲ. ಹಿಂದಿರುಗಿದಾಗ ಅವನ ರೆಪ್ಪೆಗಳು ಐಸಾಗಿ ಅಂಟಿಕೊಂಡಿದ್ದವು, ಬೆರಳಿನಿಂದ ಬಿಡಿಸಿಕೊಂಡ.

“ನಾಳೆ ಹೋಗಿ ಇದ್ದದ್ದು ಇದ್ದ ಹಾಗೆ ಬರೆಸಿ, ಮಾವ” ಎಂದ. ಅದರ ಬದಲು ನೀನೇ ದೂರು ವಾಪಸ್ ತಗೋ, ಎಲ್ಲ ಇಲ್ಲಿಗೇ ಮುಗಿಯುತ್ತೆ, ನಿಮ್ಮಪ್ಪನಿಗೂ ಅದೇ ಬೇಕಿತ್ತು ಎಂದೆ. ಅದಕ್ಕೆ ಅವನು, “ವಾಪಸ್ ತಗೊಂಡ್ರೆ ಸೌದೆ ಇರಲಿಲ್ಲ ಅಂತ ಯಾರೂ ಬರೆಯಲ್ಲ. ದೂರು ಇರಲಿ” ಎಂದ.

ಸೌದೆ ಇಡದೆ ಹೋಗುವುದು ಯಾವ ಕಲಮಿನಡಿಯೂ ಅಪರಾಧವಲ್ಲ ಎಂದು ಠಾಣಾಧಿಕಾರಿಗಳು ನನಗೆ ತಿಳಿಸಿದರು. ಎರ್ಚಿಮ್ ಮೇಲೆ ನನ್ನ ದೂರೇನೂ ಇಲ್ಲ. ಸೌದೆ ಇರಲಿಲ್ಲ ಎಂಬುದನ್ನು ಮಾತ್ರ ಬಿಡದೆ ಬರೆದುಕೊಳ್ಳಬೇಕೆಂದು ಅವನ ಪರವಾಗಿ ಕೇಳಿಕೊಂಡಿದ್ದೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. 13ರ ಹೇಳಿಕೆಯ ಬದಲಿಗೆ ಇದನ್ನೇ ಹಿಡಿಯತಕ್ಕದ್ದು.

ಸ್ಥಳ: ತಿತ್ ಕ್ಯೂಲ್ ಠಾಣೆ
ದಿನಾಂಕ: ಜನವರಿ 19
ಸಹಿ: ಗ. ನಿ. ಸ್ತಾರೊಸ್ತಿನ್