ಅಳಿಸಿದ ಹನ್ನೆರಡು

ಹಲ್ಲಿನ ಡಾಕ್ಟರ ಬಳಿ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ, ಕೊರಳಲ್ಲಿ ಅಳತೆ ಟೇಪಿನೊಂದಿಗೇ ಬಂದಿದ್ದ ದರ್ಜಿ, ಅವನ ಮಗಳು. ಅವಳ ತೊಡೆಯ ಮೇಲೆ ಲೆಕ್ಕದ ನೋಟ್‌ಬುಕ್ಕು. ಅದರ ಮೇಲೆ ಬೆರಳಿಟ್ಟು ಅಪ್ಪ ಕೇಳಿದ.

“ಮೂರು, ಆವರಣದೊಳಗೆ ಎಕ್ಸ್ ಪ್ಲಸ್ ನಾಲ್ಕು. ಮೂರು ಎಕ್ಸ್ ಪ್ಲಸ್ ನಾಲ್ಕು ಅಂತ ಬರೆಸ್ದೆ. ತಪ್ಪು ಹಾಕಿದ್ದಾರಲ್ಲ, ಯಾಕೆ?”

“ನಾಲ್ಕನ್ನೂ ಮೂರರಿಂದ ಗುಣಿಸ್ಬೇಕಪ್ಪ. ಮೂರು ಜನಕ್ಕೆ ಶರ್ಟು, ಪ್ಯಾಂಟು ಅಂದ್ರೆ ನೀನು ಒಂದೇ ಪ್ಯಾಂಟು ಹೊಲೀತೀಯಾ?”

ದರ್ಜಿ ಟೇಪನ್ನು ಬೆರಳಿಗೆ ಸುತ್ತತೊಡಗಿದ.

“ನೀನು ಹನ್ನೆರಡು ಅಂತಾನೇ ಬರೆದಿದ್ದೆ.”

“ಹೂಂ.”

“ತಲೇಲಿ ಮಣ್ಣಿದ್ಯಾ ಅಂತ ಮೊಟಕಿ ಅಳಿಸ್ದೋನು ನಾನೇ.”

“ನೋವೇನೂ ಆಗ್ಲಿಲ್ಲ ಬಿಡಪ್ಪ.”

“ಯಾರು ಹೇಳ್ಕೊಟ್ಟಿದ್ದು ಅಂತ ಮಿಸ್ಸು ಕೇಳಿದ್ರಾ?”

“ಕೇಳಿದ್ರು. ಯಾರೂ ಇಲ್ಲ, ನಾನೇ ಮಾಡಿದ್ದು ಅಂದೆ.”

ಒಳಗಿಂದ ದರ್ಜಿಯನ್ನು ಕರೆದರು. ಹಲ್ಲುನೋವು ಅವನದೇ. ಆದರೂ ಮಗಳನ್ನು ಮುಂದೆ ಬಿಟ್ಟು, ಅವಳ ಚೀಲ ಹೊತ್ತು ಹಿಂದೆ ನಡೆದ.